ಎರಡು ಬುಟ್ಟಿಗಳ ನಡುವೆ ಹನ್ನೊಂದು ನಿಮಿಷ

ವಿಲ್ನಿಯಸ್
ಮೇ 29

ವೈವಾ,

ಒಂಬತ್ತು ವರ್ಷಗಳ ಮೇಲೆ ನನ್ನ ಕೈಬರಹ ಕಂಡು ನೀನು ಲಕೋಟೆಯನ್ನು ಒಡೆಯದೆಯೇ ಒಲೆಗೆ ಹಾಕಿದರೂ ಹಾಕಬಹುದು. ಇದು ನಮ್ಮಿಬ್ಬರ ವಿಷಯವಲ್ಲ. ನಿನ್ನ ಶಾಲೆಯ ಒಂದು ಮಗುವಿನ ವಿಷಯ. ಆದ್ದರಿಂದ ಓದು.

ಪಶಿಲೆಯ ಶಾಲೆ ಬಿಟ್ಟ ಮೇಲೆ ನಾನು ಹಿಡಿದ ಕೆಲಸ ನಿನಗೆ ಗೊತ್ತೇ ಇದೆ. ಆನ್‌ಲೈನ್ ಪರೀಕ್ಷೆಗಳಿಗೆ ಜೀವಶಾಸ್ತ್ರದ ಪ್ರಶ್ನೆಗಳನ್ನು ಕಟ್ಟುತ್ತೇನೆ. ಕಟ್ಟುವುದು ಎಂದೇ ಹೇಳಬೇಕು. ಚಿತ್ರವನ್ನು ಎಳೆದು ಸರಿಯಾದ ಜಾಗದಲ್ಲಿ ಬಿಡುವುದು, ಹೃದಯದ ಯಾವ ಕೋಣೆ ಎಂದು ಒತ್ತಿ ತೋರಿಸುವುದು, ಹಂತಗಳನ್ನು ಮೇಲೆ ಕೆಳಗೆ ಸರಿಸಿ ಜೋಡಿಸುವುದು, ಇಂಥವು. ಇವುಗಳಲ್ಲಿ ಮಗು ಮಾಡುವ ಪ್ರತಿ ಚಲನೆಯೂ ಗಡಿಯಾರದ ಸಮೇತ ದಾಖಲಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಎಲ್ಲರಿಗಿಂತ ಹೆಚ್ಚು ಸಮಯ ತೆಗೆದುಕೊಂಡವರ ದಾಖಲೆಯನ್ನು ನಾನು ತೆರೆದು ನೋಡಬೇಕು. ಹೆಸರಿರುವುದಿಲ್ಲ. ಒಂದು ಸಂಖ್ಯೆ, ಅದರ ಹಿಂದೆ ಶಾಲೆಯ ಗುರುತು. ಆ ಗುರುತು ನನಗೆ ಬಾಯಿಪಾಠ. ಹನ್ನೊಂದು ವರ್ಷ ಅದನ್ನು ಹಾಜರಿ ಪುಸ್ತಕದ ಮೇಲೆ ಬರೆದವಳು ನಾನು.

ಮೇ ಹದಿನಾಲ್ಕರ ಪರೀಕ್ಷೆ, ಇಲ್ಲಿನ ವಿಜ್ಞಾನ ವಸತಿಶಾಲೆಯ ಪ್ರವೇಶಕ್ಕೆ ನಡೆದದ್ದು. ಇಪ್ಪತ್ತು ಪ್ರಶ್ನೆ, ಒಂದು ಗಂಟೆ. ನಿಮ್ಮ ಶಾಲೆಯ ಈ ಮಗು ಹದಿನೈದು ಪ್ರಶ್ನೆಗಳನ್ನು ಒಂದೂ ತಪ್ಪಿಲ್ಲದೆ ಮುಗಿಸಿದೆ. ಹದಿನಾರನೆಯದರಲ್ಲಿ ಏಳು ಚಿತ್ರ, ಎರಡು ಬುಟ್ಟಿ. ಆರು ಚಿತ್ರಗಳನ್ನು ನಲವತ್ತು ಸೆಕೆಂಡಿನಲ್ಲಿ ಬುಟ್ಟಿಗೆ ಹಾಕಿದೆ. ಏಳನೆಯದನ್ನು ಎತ್ತಿದೆ, ಒಂದು ಬುಟ್ಟಿಯವರೆಗೆ ಒಯ್ದಿದೆ, ವಾಪಸ್ ತಂದಿದೆ, ಇನ್ನೊಂದರ ಬಳಿ ಒಯ್ದಿದೆ, ಮತ್ತೆ ತಂದಿದೆ. ಹತ್ತೊಂಬತ್ತು ಸಲ. ಹನ್ನೊಂದು ನಿಮಿಷ. ಕೊನೆಯ ಮೂರು ಪ್ರಶ್ನೆಗಳನ್ನು ತೆರೆಯಲೂ ಆಗಿಲ್ಲ. ಪ್ರವೇಶಕ್ಕೆ ಬೇಕಾದ ಅಂಕಕ್ಕಿಂತ ಎರಡು ಕಡಿಮೆ.

ಕಂಪ್ಯೂಟರ್ ನಿಂತುಹೋಗಿತ್ತೇ? ಮೌಸ್ ಕೈಕೊಟ್ಟಿತ್ತೇ? ಹಾಗಿದ್ದರೆ ಶಾಲೆಯಿಂದ ಒಂದು ಸಾಲು ಬರೆದರೆ ಸಾಕು, ಮರುಪರೀಕ್ಷೆ ಕೊಡಿಸಬಹುದು. ಇದನ್ನು ಕಚೇರಿಯ ಮೇಲ್‌ನಲ್ಲಿ ಕೇಳುವಂತಿಲ್ಲ. ಅದಕ್ಕೇ ಕಾಗದ, ಅಂಚೆ.

ಔದ್ರೋನೆ


ಪಶಿಲೆ
ಜೂನ್ 6

ಔದ್ರೋನೆ,

ಒಲೆಗೆ ಹಾಕಲಿಲ್ಲ. ಎರಡು ದಿನ ಬ್ರೆಡ್ಡಿನ ಡಬ್ಬಿಯ ಮೇಲಿಟ್ಟಿದ್ದೆ.

ಕಂಪ್ಯೂಟರ್ ನಿಂತಿರಲಿಲ್ಲ. ನಮ್ಮ ಮೌಸ್‌ಗಳು ಮುದಿಯಾಗಿವೆ, ಎಳೆಯುವಾಗ ನಡುದಾರಿಯಲ್ಲಿ ಕೈಬಿಡುತ್ತವೆ, ಮಕ್ಕಳು ಅದಕ್ಕೆ ಒಗ್ಗಿಹೋಗಿದ್ದಾರೆ. ಆದರೆ ಹತ್ತೊಂಬತ್ತು ಸಲ ಕೈಬಿಡುವುದಿಲ್ಲ. ಅಂದು ಮೇಲ್ವಿಚಾರಣೆಗೆ ಕೂತಿದ್ದವರು ಸಂಗೀತದ ಮೇಷ್ಟ್ರು ಬ್ರೋನಿಯಸ್. ಹೊರಗೆ ಬಂದು ನನ್ನ ಹತ್ತಿರ, ನಿಮ್ಮ ಜಾಣೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆದಳು ಎಂದು ಹಾಸ್ಯ ಮಾಡಿದರು. ನಾನೂ ನಕ್ಕೆ. ಮೂವತ್ತು ಮಕ್ಕಳ ಪ್ರವಾಸದ ಪಟ್ಟಿ ಮಾಡುತ್ತಿದ್ದೆ, ನಗುವುದು ಸುಲಭವಾಗಿತ್ತು.

ಅವಳ ಹೆಸರು ಸ್ಮಿಲ್ತೆ. ಹದಿನಾರು ವರ್ಷ. ಕಾಡಂಚಿನಲ್ಲಿ ಅಜ್ಜಿ ಅನೆಲೆಯ ಜೊತೆ ಇರುತ್ತಾಳೆ. ತಾಯಿ ನಾರ್ವೆಯಲ್ಲಿ ಮೀನಿನ ಕಾರ್ಖಾನೆಯಲ್ಲಿದ್ದಾಳೆ, ಕ್ರಿಸ್‌ಮಸ್‌ಗೆ ಬಂದರೆ ಬಂದಳು. ಇಪ್ಪತ್ತೆಂಟು ವರ್ಷದಲ್ಲಿ ನಾನು ಕಲಿಸಿದವರ ಪೈಕಿ, ಪಾಚಿಯ ಜಾತಿಗಳನ್ನು ಬರಿಗಣ್ಣಿನಿಂದಲೇ ಬೇರೆ ಬೇರೆಯಾಗಿ ಗುರುತಿಸಬಲ್ಲ ಇನ್ನೊಂದು ಮಗುವನ್ನು ನಾನು ಕಂಡಿಲ್ಲ. ಆ ವಸತಿಶಾಲೆಗೆ ಅವಳು ಸೇರಬೇಕು ಎಂದು ಎರಡು ವರ್ಷ ಅವಳಿಗಿಂತ ಹೆಚ್ಚು ನಾನು ಬಯಸಿದೆ. ಅಲ್ಲಿ ಸೂಕ್ಷ್ಮದರ್ಶಕಗಳಿವೆ. ಇಲ್ಲಿ ಇರುವುದು ಒಂದು, ಅದರ ಸ್ಕ್ರೂ ನೀನಿದ್ದಾಗಲೇ ಕಳೆದದ್ದು.

ಮೇಲ್ಮನವಿಯ ಅರ್ಜಿ ನೋಡಿದೆ. ಯಾವ ಪ್ರಶ್ನೆಗೆ ತಪ್ಪಾಗಿ ಅಂಕ ಕಳೆದಿದ್ದಾರೆ ಎಂದು ಕೇಳುತ್ತದೆ. ಅವಳನ್ನು ಕೇಳಿದರೆ, ಯಾವುದಕ್ಕೂ ಇಲ್ಲ ಟೀಚರ್, ನಾನೇ ನಿಧಾನ ಮಾಡಿದೆ ಎನ್ನುತ್ತಾಳೆ. ಕಣ್ಣೆತ್ತಿ ನೋಡುವುದಿಲ್ಲ.

ಆ ಏಳನೆಯ ಚಿತ್ರ ಯಾವುದು? ಹೇಳುವಂತಿಲ್ಲ ಎಂದು ಬರೆಯಬೇಡ. ಹೇಳುವಂತಿಲ್ಲದ್ದನ್ನು ಅರ್ಧ ಆಗಲೇ ಹೇಳಿದ್ದೀಯ.

ವೈವಾ


ವಿಲ್ನಿಯಸ್
ಜೂನ್ 11

ವೈವಾ,

ಬೊಬಾವ್ಸಿಸ್.

ಏಳೂ ಅಣಬೆಗಳ ಚಿತ್ರಗಳು. ಎಡಗಡೆಯ ಬುಟ್ಟಿಯ ಮೇಲೆ 'ತಿನ್ನಬಹುದು', ಬಲಗಡೆಯದರ ಮೇಲೆ 'ವಿಷ'. ಅವಳು ಕೊನೆಗೆ ಅದನ್ನು ಹಾಕಿದ್ದು ವಿಷದ ಬುಟ್ಟಿಗೆ. ಅದೇ ಸರಿ ಉತ್ತರ. ಹದಿನಾರನೆಯ ಪ್ರಶ್ನೆಗೆ ಅವಳಿಗೆ ಪೂರ್ತಿ ಅಂಕ ಬಂದಿದೆ. ಹಾಗಾಗಿ ಮೇಲ್ಮನವಿಯ ಅರ್ಜಿಯಲ್ಲಿ ತುಂಬಲು ಅವಳಿಗೆ ಏನೂ ಇಲ್ಲ.

ಆ ಪ್ರಶ್ನೆ ನನ್ನದು.

ಔ.


ಪಶಿಲೆ
ಜೂನ್ 17

ಔದ್ರೋನೆ,

ಕಾಗದ ಓದಿದ ಕೂಡಲೇ ಸೈಕಲ್ ಹತ್ತಿ ಅನೆಲೆಯ ಮನೆಗೆ ಹೋದೆ. ಹೋಗುವಷ್ಟರಲ್ಲಿ ಸಿಟ್ಟು ಆರಿತ್ತು, ದಣಿವು ಉಳಿದಿತ್ತು. ಈಚೆಗೆ ನನಗೆ ಎಲ್ಲವೂ ಕೊನೆಗೆ ದಣಿವೇ ಆಗುತ್ತದೆ.

ಅನೆಲೆ ಅಂಗಳದಲ್ಲಿ ಬಕ್‌ವೀಟ್ ಕಾಳು ಕೇರುತ್ತಿದ್ದಳು. ಹುಡುಗಿ ಎಷ್ಟರಲ್ಲಿ ಹೋದಳಮ್ಮ ಎಂದು ಕೇಳಿದಳು. ಎರಡು ಅಂಕದಲ್ಲಿ ಎಂದೆ. "ಎರಡೇನಾ? ಕೊಟ್ಟಿದ್ರೆ ಅವರಪ್ಪನ ಮನೆ ಗಂಟೇನು ಹೋಗ್ತಿತ್ತು?" ಎಂದು ಮೊರ ಕುಟ್ಟಿದಳು.

ಸ್ಮಿಲ್ತೆಯನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದೆ. ಬೊಬಾವ್ಸಿಸ್ ಎಂದಷ್ಟೇ ಅಂದೆ. ಅವಳು ದಡದಲ್ಲಿ ಕೂತು ಹೇಳತೊಡಗಿದಳು. ಪರೀಕ್ಷೆಯ ಹಿಂದಿನ ದಿನ ಅಜ್ಜಿ ಮೊಮ್ಮಗಳು ಇಬ್ಬರೂ ಪೈನ್ ಕಡಿದ ಮರಳು ಜಾಗದಲ್ಲಿ ಅದನ್ನೇ ಆರಿಸಿದ್ದರಂತೆ. ಸಂಜೆ ಅಂಗಳದಲ್ಲಿ ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ, ಮತ್ತೆ ಚೆಲ್ಲಿ, ಹುಳಿ ಕೆನೆ ಹಾಕಿ ತಿಂದಿದ್ದರಂತೆ. ಇಲ್ಲಿ ಅಜ್ಜಿಯಂದಿರೆಲ್ಲ ಮಾಡುವುದೇ ಅದು. ನಿನಗೆ ಹೇಳಬೇಕೇ?

ಆಮೇಲೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಉತ್ತರ ಗೊತ್ತಿತ್ತು ಟೀಚರ್. ಪುಸ್ತಕದಲ್ಲಿ ವಿಷ ಅಂತಾನೇ ಇದೆ. ಬರೀ ಗುರುತು ಹಾಕೋದಾಗಿದ್ರೆ ಹಾಕಿ ಮುಂದೆ ಹೋಗ್ತಿದ್ದೆ. ಇದನ್ನ ಎತ್ಕೊಂಡು ಹೋಗಿ ಹಾಕ್ಬೇಕಿತ್ತು. ನನ್ನ ಕೈಯಲ್ಲೇ. ಅಜ್ಜಿ ಬುಟ್ಟಿ ಥರಾನೇ ಇತ್ತು ಅದು, ಹಿಡಿ ಸಮೇತ. ಆಮೇಲೆ ಬಿಟ್ಟು ಹೋಗೋಣ ಅಂದ್ಕೊಂಡೆ. ಎಲ್ಲಾನೂ ಹಾಕೋ ತನಕ 'ಮುಂದೆ' ಅನ್ನೋ ಬಟನ್ ಬೂದು ಬಣ್ಣಕ್ಕೇ ಇತ್ತು, ಒತ್ತಿದ್ರೂ ಹೋಗ್ತಿರ್ಲಿಲ್ಲ."

ನಾವು ಪರೀಕ್ಷೆ ಬರೆದ ಕಾಲದಲ್ಲಿ ಗೊತ್ತಿಲ್ಲದ್ದನ್ನು, ಬೇಡವಾದದ್ದನ್ನು ಬಿಟ್ಟು ಮುಂದೆ ಹೋಗುತ್ತಿದ್ದೆವು. ಖಾಲಿ ಜಾಗಕ್ಕೆ ಸೊನ್ನೆ ಬೀಳುತ್ತಿತ್ತು, ಅಷ್ಟೇ. ಯಾರೂ ನಮ್ಮ ದಾರಿಗೆ ಅಡ್ಡ ನಿಂತು, ನಿನ್ನ ಕೈಯಾರೆ ಹಾಕು, ಆಮೇಲೆ ಬಿಡುತ್ತೇನೆ ಎನ್ನುತ್ತಿರಲಿಲ್ಲ.

ನೀನು ಹನ್ನೊಂದು ವಸಂತ ನನ್ನ ಅಮ್ಮನ ಊಟದ ಮೇಜಿಗೆ ಕೂತು ಅದನ್ನು ತಿಂದೆ. ಎರಡನೇ ಸಲ ಬಡಿಸಿಕೊಂಡು ತಿಂದೆ. ಒಂದೇ ಒಂದು ಕೇಳುತ್ತೇನೆ. ಅಮ್ಮನನ್ನು ನೀನು ಯಾವ ಬುಟ್ಟಿಗೆ ಹಾಕಿದೆ?

ಉತ್ತರ ಬೇಡ. ಮೇಲ್ಮನವಿ ಸಮಿತಿಗೆ ಬರೆ. ಆ ಹನ್ನೊಂದು ನಿಮಿಷ ಕಂಡವಳು ನೀನೊಬ್ಬಳೇ.

ವೈವಾ


ವಿಲ್ನಿಯಸ್
ಜೂನ್ 30

ವೈವಾ,

ಬರೆದೆ. ಮೊನ್ನೆ ಕೊಟ್ಟೆ. ಕೊಡುವ ಮೊದಲು ಮೂರು ದಿನ ಅದು ನನ್ನ ಚೀಲದಲ್ಲೇ ಟ್ರಾಲಿ ಬಸ್ಸಿನಲ್ಲಿ ಓಡಾಡಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಸಮಿತಿಗೆ ಬರೆದದ್ದನ್ನು ನಿನಗೂ ಬರೆಯಬೇಕು. ಬುಟ್ಟಿಗಳು ಮೊದಲು ಮೂರಿದ್ದವು. ಮೂರನೆಯದರ ಮೇಲೆ 'ಬೇಯಿಸಿ ನೀರು ಚೆಲ್ಲಿ ತಿನ್ನುವ ರೂಢಿಯಿದೆ, ಅಪಾಯವೂ ಇದೆ' ಎಂದಿತ್ತು. ಆ ಸಾಲು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದ ಅಡುಗೆಮನೆ ಯಾವುದು ಎಂದು ನಿನಗೆ ಗೊತ್ತು. ಪರದೆ ವಿನ್ಯಾಸ ಮಾಡುವ ತೌರಾಸ್ ಬಂದು, ಮೇಡಂ, ಸಣ್ಣ ಟ್ಯಾಬ್ಲೆಟ್‌ನಲ್ಲಿ ಮೂರು ಬುಟ್ಟಿ ಕೂರುವುದಿಲ್ಲ, ಮೇಲಾಗಿ ಅಷ್ಟುದ್ದ ಬರಹ, ಎರಡು ಮಾಡಿದರೆ ಚೆನ್ನಾಗಿ ಕಾಣುತ್ತದೆ ಎಂದ. ಶುಕ್ರವಾರ ಮಧ್ಯಾಹ್ನ. ಹೂಂ ಎಂದೆ. ಎರಡು ಸಲ ಬೇಯಿಸಿದರೂ ಪೂರ್ತಿ ವಿಷ ಹೋಗುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ, ಹಾಗಾಗಿ ವಿಷ ಎಂಬುದು ತಪ್ಪೂ ಆಗುತ್ತಿರಲಿಲ್ಲ. ಸುಳ್ಳು ಹೇಳದೆಯೇ ಒಂದು ಅಡುಗೆಮನೆಯನ್ನು ಅಳಿಸಬಹುದು ಎಂದು ನನಗೆ ಆಗ ಹೊಳೆಯಲಿಲ್ಲ. ಬೇಗ ಮನೆಗೆ ಹೋಗಬೇಕಿತ್ತು.

ಬೂದು ಬಟನ್ ಕೂಡ ನನ್ನದೇ. ಮೊದಲ ವರ್ಷದ ಪ್ರಯೋಗದಲ್ಲಿ ಐವರಲ್ಲಿ ಒಬ್ಬರು ಎಳೆದು ಬಿಡುವ ಪ್ರಶ್ನೆಗಳನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಅದು ಸೋಮಾರಿತನ, ಎಲ್ಲವನ್ನೂ ಹಾಕುವವರೆಗೆ ಮುಂದೆ ಬಿಡಬೇಡಿ ಎಂದು ನಾನೇ ಟಿಪ್ಪಣಿ ಬರೆದೆ. ಖಾಲಿ ಜಾಗಗಳು ಕಡಿಮೆಯಾದವು. ಎಲ್ಲರೂ ಮೆಚ್ಚಿದರು.

ಇಂಥ ಪ್ರಶ್ನೆಗಳನ್ನು ನಾನು ಯಾಕೆ ಹಚ್ಚಿಕೊಂಡೆ ಎಂದು ನೀನು ಕೇಳಲಿಲ್ಲ. ನಮ್ಮ ತರಗತಿಯಲ್ಲಿ ಎಲ್ಲ ಗೊತ್ತಿದ್ದೂ ಎರಡು ಸಾಲು ಬರೆಯಲಾರದೆ ಪ್ರತಿ ಪರೀಕ್ಷೆಯಲ್ಲೂ ಬೀಳುತ್ತಿದ್ದ ಮಕ್ಕಳು ಇರುತ್ತಿದ್ದರಲ್ಲ, ಅವರಿಗಾಗಿ. ಅವರು ಈಗ ನಿಜವಾಗಿಯೂ ಪಾಸಾಗುತ್ತಿದ್ದಾರೆ. ಬರೆಯಲಾರದ ಕೈ ಎತ್ತಿ ಇಡಬಲ್ಲದು ಎಂದು ನಾನು ಭಾಷಣ ಮಾಡಿದ್ದುಂಟು. ಎತ್ತಿ ಇಡುವುದು ಬರೆಯುವುದಕ್ಕಿಂತ ಭಾರವಾಗುವ ಮಗುವೊಂದು ಇರಬಹುದು ಎಂದು ಯೋಚಿಸಿರಲಿಲ್ಲ.

ನಿನ್ನ ಅಮ್ಮನ ಅಂತ್ಯಕ್ರಿಯೆಯ ವಾರ ನಾನು ಎಲ್ಲಿದ್ದೆ, ಯಾಕೆ ಬರಲಿಲ್ಲ ಎಂದು ಈ ಕೆಳಗೆ ಬರೆದು ಹೊಡೆದುಹಾಕಿದ್ದೇನೆ. ಗೀಟಿನ ಕೆಳಗೆ ಓದಲು ಹೋಗಬೇಡ.

ಔದ್ರೋನೆ


ಪಶಿಲೆ
ಜುಲೈ 19

ಔದ್ರೋನೆ,

ಓದಲಿಲ್ಲ. ಕಿಟಕಿಗೆ ಹಿಡಿದೆ, ಆಮೇಲೆ ಮಡಿಚಿಟ್ಟೆ.

ಇಲ್ಲಿ ಬಿಲ್‌ಬೆರಿ ಹಣ್ಣಿನ ಕಾಲ. ಸ್ಮಿಲ್ತೆ ದಿನವೂ ಕಾಡಿಗೆ ಹೋಗುತ್ತಾಳೆ, ಉಗುರುಗಳೆಲ್ಲ ನೇರಳೆ. ಸಮಿತಿಯಿಂದ ಏನಾದರೂ ಬಂತೇ ಎಂದು ಅವಳು ಕೇಳುವುದಿಲ್ಲ. ಬದಲಿಗೆ ಅಂಚೆ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳುತ್ತಾಳೆ. ಅದು ಹನ್ನೆರಡಕ್ಕೆ ಬರುತ್ತದೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ವಸತಿಶಾಲೆಯವರು ಕೊಠಡಿ ಹಂಚುವುದು ಆಗಸ್ಟ್ ಹತ್ತಕ್ಕೆ ಮುಗಿಯುತ್ತದಂತೆ. ಏನಿದ್ದರೂ ಅಷ್ಟರೊಳಗೆ ಹೇಳು. ಇಲ್ಲ ಎನ್ನುವುದಾದರೂ ಸರಿ.

ವೈವಾ


ವಿಲ್ನಿಯಸ್
ಆಗಸ್ಟ್ 5

ವೈವಾ,

ಇಲ್ಲ.

ಇಷ್ಟು ಮೊದಲು ಬರೆದೆ, ನೀನು ಹುಡುಕಿಕೊಂಡು ಓದಬೇಕಾಗದಿರಲಿ ಎಂದು. ಇನ್ನು ನಡೆದದ್ದು.

ಸಮಿತಿಯಲ್ಲಿ ಮೂವರು. ಯಾರೂ ಕೆಟ್ಟವರಲ್ಲ. ಅಧ್ಯಕ್ಷರು ಗಣಿತದವರು, ನನ್ನ ನಾಲ್ಕು ಪುಟಗಳನ್ನು ಪೂರ್ತಿ ಓದಿಕೊಂಡು ಬಂದಿದ್ದರು. ಕನ್ನಡಕ ತೆಗೆದು ಕೇಳಿದರು: "ಮೇಡಂ, ಆ ಪ್ರಶ್ನೆಗೆ ಅವಳಿಗೆ ಪೂರ್ತಿ ಅಂಕ ಬಂದಿದೆಯಲ್ಲ. ಮತ್ತೆ ಅನ್ಯಾಯ ಆಗಿದ್ದು ಎಲ್ಲಿ?"

ದಾಖಲೆಯ ಹಾಳೆಯನ್ನು ಅವರ ಮುಂದೆ ಸರಿಸಿದೆ. ಹತ್ತೊಂಬತ್ತು ಸಲ ಹೋಗಿ ಬಂದ ಗೆರೆಗಳು, ಒಂದರ ಮೇಲೊಂದು ಬಿದ್ದು ಕಪ್ಪಾಗಿದ್ದವು. ಅಲ್ಲಿ, ಎಂದೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರಲಿಲ್ಲ. ಅವರು ಹಾಳೆಯನ್ನು ಉಳಿದಿಬ್ಬರಿಗೂ ದಾಟಿಸಿದರು. ಉಳಿದ ಇನ್ನೂರ ಹನ್ನೊಂದು ಮಕ್ಕಳು ಅದೇ ಪ್ರಶ್ನೆಗೆ ಸರಾಸರಿ ಐವತ್ತು ಸೆಕೆಂಡ್ ತೆಗೆದುಕೊಂಡಿದ್ದಾರೆ, ಗಡಿಯಾರ ಎಲ್ಲರಿಗೂ ಒಂದೇ ಇತ್ತು, ಒಬ್ಬಳಿಗೆ ಸಮಯ ಮರಳಿಸಿದರೆ ವಸತಿಶಾಲೆಯ ಕೊನೆಯ ಹಾಸಿಗೆ ಸಿಕ್ಕಿರುವ ಮಗುವಿಗೆ ಏನು ಹೇಳುವುದು ಎಂದರು. ಆ ಮಗುವಿಗೂ ಒಬ್ಬಳು ಅಜ್ಜಿ ಇದ್ದಾಳು.

ಮುಂದಿನ ವರ್ಷದಿಂದ ಬಟನ್ ಬೂದಾಗಿರುವುದಿಲ್ಲ. ಬಿಟ್ಟು ಹೋಗಬಹುದು, ಮರಳಿ ಬರಬಹುದು. ಆ ಅಣಬೆಯ ಪ್ರಶ್ನೆಯನ್ನು ತೆಗೆದುಹಾಕಿದ್ದಾರೆ. ಒಂದು ಮಗುವಿನ ದಾಖಲೆಯ ವಿಷಯವನ್ನು ಹೊರಗೆ ಪತ್ರ ಬರೆದು ತಿಳಿಸಿದ್ದಕ್ಕೆ ನನಗೆ ಲಿಖಿತ ಎಚ್ಚರಿಕೆ ಸಿಕ್ಕಿದೆ. ಅದು ನ್ಯಾಯವೇ. ನಾನೇ ಹೇಳಿಕೆಯಲ್ಲಿ ಒಪ್ಪಿಕೊಂಡಿದ್ದೆ.

ಸ್ಮಿಲ್ತೆಗೆ ನೀನು ಹೇಗೆ ಹೇಳುತ್ತೀಯೋ ನನಗೆ ತಿಳಿಯದು. ನನ್ನ ವಿಳಾಸ ಕೊಡು. ಬೈಯಬೇಕು ಅನ್ನಿಸಿದರೆ ಯಾರನ್ನು ಬೈಯಬೇಕು ಎಂದಾದರೂ ಗೊತ್ತಿರಲಿ.

ಔದ್ರೋನೆ


ಪಶಿಲೆ
ಸೆಪ್ಟೆಂಬರ್ 21

ಮಾನ್ಯ ಔದ್ರೋನೆ ಅವರಿಗೆ,

ನಾನು ಸ್ಮಿಲ್ತೆ. ವಿಳಾಸವನ್ನು ವೈವಾ ಟೀಚರ್ ಆಗಸ್ಟ್‌ನಲ್ಲೇ ಕೊಟ್ಟಿದ್ದರು. ಏನು ಬರೆಯಬೇಕು ಎಂದು ತಿಳಿಯದೆ ಇಷ್ಟು ದಿನವಾಯಿತು. ಬೈಯಬೇಕು ಅನ್ನಿಸಲಿಲ್ಲ.

ನಾನು ಇಲ್ಲಿಯೇ ಹನ್ನೊಂದನೆಯ ತರಗತಿಗೆ ಸೇರಿದ್ದೇನೆ. ಬೆಳಿಗ್ಗೆ ಆರೂ ಹತ್ತಕ್ಕೆ ಊರೂರು ಸುತ್ತಿ ಹೋಗುವ ಶಾಲೆಯ ಬಸ್ಸು. ಜೀವಶಾಸ್ತ್ರಕ್ಕೆ ನಾವು ನಾಲ್ಕೇ ಜನ. ಎರಡು ವರ್ಷದ ಮೇಲೆ ಅರಣ್ಯ ಕಾಲೇಜಿಗೆ ಅರ್ಜಿ ಹಾಕುತ್ತೇನೆ. ವಸತಿಶಾಲೆಯಿಂದ ಹೋಗಿದ್ದರೆ ವಿಶ್ವವಿದ್ಯಾಲಯಕ್ಕೇ ಹೋಗಬಹುದಿತ್ತು ಎಂದು ಟೀಚರ್ ಹೇಳುವುದಿಲ್ಲ. ಆದರೆ ಅವರು ಹಾಗೆ ಯೋಚಿಸುವುದು ನನಗೆ ಕಾಣುತ್ತದೆ.

ಅಜ್ಜಿಗೆ ನಾನು ಮೇ ತಿಂಗಳಿಂದ ಆ ಅಣಬೆಯ ವಿಷಯ ಏನೂ ಹೇಳಿರಲಿಲ್ಲ. ಹೋದ ಭಾನುವಾರ ಹೇಳಿದೆ. ಹನ್ನೊಂದು ನಿಮಿಷ ಕೂತು, ಕೊನೆಗೆ ಬೊಬಾವ್ಸಿಸ್ ಅನ್ನು ವಿಷ ಎಂದು ಹಾಕಿದೆ ಅಜ್ಜಿ ಎಂದೆ. ಅವಳು ಬೇಸರ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಆಲೂಗೆಡ್ಡೆ ಸುಲಿಯುವುದನ್ನೂ ನಿಲ್ಲಿಸಲಿಲ್ಲ. "ವಿಷಾನೇ ಅಲ್ವೇನೆ. ಇಲ್ದಿದ್ರೆ ನಾನ್ಯಾಕೆ ಎರಡೆರಡು ಸಲ ನೀರು ಚೆಲ್ತಿದ್ದೆ? ಅದರ ಮುಂದೆ ಅಷ್ಟೊತ್ತು ಯಾಕೆ ಕೂತೆ ಪೆದ್ದಿ, ಮಿಕ್ಕಿದ್ದು ಬರೀಬಾರ್ದಾಗಿತ್ತಾ?" ಎಂದಳು.

ಹಾಕುವವರೆಗೆ ಮುಂದೆ ಬಿಡುವುದಿಲ್ಲ ಎಂದು ವಿವರಿಸಿದೆ. ಅವಳಿಗೆ ಅದು ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ಕಾಡಲ್ಲಿ ಒಂದು ಅಣಬೆ ಹೌದೋ ಅಲ್ಲವೋ ಅನ್ನಿಸಿದರೆ ಅದನ್ನು ಅಲ್ಲೇ ಬಿಟ್ಟು ಮುಂದಿನ ಮರಕ್ಕೆ ಹೋಗುವುದಿಲ್ಲವೇ, ಯಾರು ಹಿಡಿದುಕೊಳ್ಳುತ್ತಾರೆ ಎಂದು ಕೇಳಿದಳು. ಆಮೇಲೆ ನನಗೆ ಅಳು ಬಂತು. ಪರೀಕ್ಷೆ ಹೋದದ್ದಕ್ಕೆ ಅಲ್ಲಿಯವರೆಗೆ ಅತ್ತಿರಲಿಲ್ಲ.

ನಿಮ್ಮಲ್ಲಿ ಒಂದು ಕೇಳುವುದಿದೆ. ನಾನು ಆ ಚಿತ್ರವನ್ನು ಎಷ್ಟು ಸಲ ಆಚೆ ಈಚೆ ಒಯ್ದೆ ಎಂಬುದೆಲ್ಲ ಅಲ್ಲಿ ಉಳಿದಿದೆಯಂತೆ. ಅದನ್ನು ಅಳಿಸಲು ಆಗುತ್ತದೆಯೇ? ಅಂಕ ಹಾಗೇ ಇರಲಿ. ಮುಂದೆ ಯಾರಾದರೂ ಅದನ್ನು ತೆರೆದು ನೋಡಿದರೆ, ಈ ಹುಡುಗಿಗೆ ಒಂದು ಅಣಬೆಯೂ ಗೊತ್ತಿರಲಿಲ್ಲ, ಕೊನೆಗೆ ಸುಮ್ಮನೆ ಊಹಿಸಿ ಹಾಕಿದ್ದಾಳೆ ಎಂದುಕೊಳ್ಳುತ್ತಾರೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಗೌರವದಿಂದ,
ಸ್ಮಿಲ್ತೆ


ವಿಲ್ನಿಯಸ್
ಅಕ್ಟೋಬರ್ 2

ಸ್ಮಿಲ್ತೆ,

ಅಳಿಸಲು ಆಗುವುದಿಲ್ಲ. ಐದು ವರ್ಷ ಇಡಬೇಕು ಎಂಬ ನಿಯಮವಿದೆ. ನನಗಾಗಲಿ ನನ್ನ ಮೇಲಿನವರಿಗಾಗಲಿ ಅದರ ಒಂದು ಗೆರೆಯನ್ನೂ ತೆಗೆಯುವ ಅಧಿಕಾರವಿಲ್ಲ. ನೀನು ಕೇಳಿದ ಒಂದೇ ಒಂದು ವಿಷಯಕ್ಕೂ ಇಲ್ಲ ಎನ್ನಬೇಕಾಗಿ ಬಂದದ್ದಕ್ಕೆ ಎರಡು ದಿನ ಈ ಕಾಗದ ಮುಂದುವರಿಯಲಿಲ್ಲ.

ಆ ನಿಮಿಷಗಳನ್ನು ಏನು ಮಾಡುತ್ತಾರೆ ಎಂದು ನಿನಗೆ ಯಾರೂ ಹೇಳಿರಲಾರರು. ಎಲ್ಲರ ಸಮಯವನ್ನು ಕೂಡಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಮುಂದಿನ ವರ್ಷ ಇಂಥ ಪ್ರಶ್ನೆಗೆ ಎಷ್ಟು ಹೊತ್ತು ಕೊಡಬೇಕು ಎಂದು ನಿರ್ಧರಿಸುತ್ತಾರೆ. ನಿನ್ನದು ಸೇರಿದ್ದರಿಂದ ಐವತ್ತು ಸೆಕೆಂಡ್ ಇದ್ದದ್ದು ಐವತ್ತಮೂರಾಗಿದೆ. ಮುಂದೆ ಬರೆಯುವ ಪ್ರತಿಯೊಂದು ಮಗುವಿಗೂ ಮೂರು ಸೆಕೆಂಡ್ ಹೆಚ್ಚು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಸಮಾಧಾನವಾಗುವಷ್ಟು ದೊಡ್ಡದೂ ಅಲ್ಲ ಅದು.

ದಾಖಲೆಯ ಪಕ್ಕದಲ್ಲಿ ಷರಾ ಬರೆಯುವ ಒಂದು ಕಿರಿದಾದ ಜಾಗವಿದೆ. 'ಇಂಟರ್ನೆಟ್ ಕಡಿತ', 'ವಿದ್ಯಾರ್ಥಿಗೆ ಅಸ್ವಸ್ಥತೆ', ಇಂಥವನ್ನು ಬರೆಯುತ್ತೇವೆ. ಬಹುಪಾಲು ಖಾಲಿಯೇ ಇರುತ್ತದೆ. ಇವತ್ತು ಬೆಳಿಗ್ಗೆ ನಿನ್ನ ಸಂಖ್ಯೆಯ ಎದುರು ಹೀಗೆ ಬರೆದೆ: 'ಈ ವಿದ್ಯಾರ್ಥಿನಿಗೆ ಉತ್ತರ ಮೊದಲಿನಿಂದಲೂ ಗೊತ್ತಿತ್ತು. ತಡವಾದದ್ದು ಪ್ರಶ್ನೆಯ ತಪ್ಪಿನಿಂದ.'

ಪ್ರಶ್ನೆ ಕಟ್ಟುವವರಿಗೆ ನಮ್ಮಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ಷರಾದ ಕೆಳಗೆ ಸಂಖ್ಯೆ ತುಂಬುವ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಯಂತ್ರ ಒಂದು ಸಲ, ಇದು ಸರಿಯೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ತೆಗೆದುಕೊಂಡಿತು.

ಇನ್ನು ಐದು ವರ್ಷ ಅದನ್ನೂ ಯಾರೂ ಅಳಿಸಲಾರರು.

ಔದ್ರೋನೆ ಪೆತ್ರುಲಿಯೆನೆ